ಬನಿಯನ್ ಇಲ್ಲದ ಪೆಟ್ಟಿಗೆ

ಪ್ರಯಾಣಕ್ಕೆ ಪೆಟ್ಟಿಗೆ ತುಂಬುವುದನ್ನು ನೋಡಿದರೆ ಸಾಕು, ಯಾರಿಗೆ ಯಾವುದರ ಭಯ ಎನ್ನುವುದು ಗೊತ್ತಾಗಿಬಿಡುತ್ತದೆ. ನಮ್ಮ ಅತ್ತೆಗೆ ಹಸಿವಿನ ಭಯ. ಬೆಳಿಗ್ಗೆ ಪಕ್ಕದ ಊರು ಅವಿನಾಶಿಗೆ ಹೋಗಿ ಮಧ್ಯಾಹ್ನಕ್ಕೆ ಹಿಂದಿರುಗುವುದಾದರೂ ಒಂದು ಡಬ್ಬಿ ಹುಳಿಯನ್ನ ಕಟ್ಟಿಕೊಳ್ಳುತ್ತಾರೆ. ಮಗಳು ಶಾಂತಿಗೆ ನೋಡಿದವರು ಏನೆಂದುಕೊಳ್ಳುತ್ತಾರೋ ಎಂಬ ಭಯ. ಕೊಯಮತ್ತೂರಿನ ಕಾಲೇಜಿನಿಂದ ಶನಿವಾರ ಭಾನುವಾರಕ್ಕೆಂದು ಮನೆಗೆ ಬರುವಾಗ ಮೂರು ಜೊತೆ ಚಪ್ಪಲಿ ಹೊತ್ತು ತರುತ್ತಾಳೆ. ನನ್ನದು ಮರೆವಿನ ಭಯ. ಆದ್ದರಿಂದ ನಾನು ಪಟ್ಟಿ ಬರೆಯುತ್ತೇನೆ, ಪಟ್ಟಿಯನ್ನು ಎಲ್ಲಿಟ್ಟೆ ಎನ್ನುವುದನ್ನು ಕ್ಯಾಲೆಂಡರಿನ ಹಿಂದೆ ಬರೆದಿಡುತ್ತೇನೆ. ನಮ್ಮ ಯಜಮಾನರಿಗೆ ಯಾವುದರ ಭಯ ಎಂದು ಮಾತ್ರ ಮದುವೆಯಾಗಿ ಹತ್ತೊಂಬತ್ತು ವರ್ಷವಾದರೂ ನನಗೆ ತಿಳಿದಿರಲಿಲ್ಲ. ಅವರು ಪೆಟ್ಟಿಗೆಯೊಂದಿಗೆ ಹೊರಟದ್ದನ್ನು ನೂರು ಸಲ ನೋಡಿದ್ದೇನೆ, ನಿಜ. ಆದರೆ ಆ ಪೆಟ್ಟಿಗೆಯಲ್ಲಿ ಇರುತ್ತಿದ್ದದ್ದು ಬನಿಯನ್ನುಗಳು. ತಮ್ಮದೊಂದು ಪಂಚೆ, ಒಂದು ಟವಲನ್ನು ಕಾಗದದ ಚೀಲದಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಳ್ಳುತ್ತಿದ್ದರು.

ನಮ್ಮದು ತಿರುಪ್ಪೂರು ಎಂದ ಮೇಲೆ ಬನಿಯನ್ನಿನ ವಿಷಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಒಂದು ಮಾತು. ನಮ್ಮೂರಿನಲ್ಲಿ ಹೆಣಿಗೆಯ ಬಟ್ಟೆಯಲ್ಲಿ ಹೊಲಿದದ್ದೆಲ್ಲ ಬನಿಯನ್ನೇ. ಒಳಗೆ ಹಾಕುವುದು ಬನಿಯನ್, ಮೇಲೆ ಹಾಕುವ ಟೀ ಶರ್ಟೂ ಬನಿಯನ್, ಪರದೇಶದ ಮಕ್ಕಳು ಮಲಗುವಾಗ ಹಾಕಿಕೊಳ್ಳುವ ಚಿತ್ರದ ಅಂಗಿಯೂ ಬನಿಯನ್. ನಾನು ಹನೂರಿನಲ್ಲಿ ಹುಟ್ಟಿ ಈ ಮನೆಗೆ ಸೊಸೆಯಾಗಿ ಬಂದವಳು. ಇವರು ಎಷ್ಟೋ ತಲೆಮಾರಿನ ಹಿಂದೆ ಈ ಸೀಮೆಗೆ ಬಂದು ನಿಂತ ಕನ್ನಡದವರು. ಮಗ್ಗ ನೇಯುತ್ತಿದ್ದ ಮಾವನವರು ಮಗ್ಗ ಮಾರಿ ನಾಲ್ಕು ಹೊಲಿಗೆ ಯಂತ್ರ ಹಾಕಿದರು. ನಮ್ಮವರು ಅದನ್ನು ಬೆಳೆಸಿ, ಈಗ ಕೆಲವು ವರ್ಷಗಳಿಂದ ಪರದೇಶದ ಆರ್ಡರಿಗೂ ಹೊಲಿಸುತ್ತಾರೆ. ಮನೆಯಲ್ಲಿ ಎಲ್ಲರೂ ಕನ್ನಡವನ್ನೇ ಮಾತಾಡುತ್ತಾರೆ, ಆದರೆ ಓದಲು ನನ್ನನ್ನು ಬಿಟ್ಟು ಯಾರಿಗೂ ಬರುವುದಿಲ್ಲ. ಇದರಿಂದ ನನಗಾಗಿರುವ ಅನುಕೂಲ ಹೇಳತೀರದು. ಹನೂರಿನಲ್ಲಿರುವ ನನ್ನ ಅಕ್ಕನಿಗೆ ಬರೆಯುವ ಕಾಗದದಲ್ಲಿ ಎಲ್ಲರ ವಿಷಯವನ್ನೂ ಮನಸಾರೆ ಬರೆದು, ಮಸಿ ಆರಲೆಂದು ಊಟದ ಮೇಜಿನ ಮೇಲೆಯೇ ಬಿಡುತ್ತೇನೆ. ಅತ್ತೆ ಅದರ ಮೇಲೆ ಕಾಫಿ ಲೋಟ ಇಟ್ಟು, "ಎಷ್ಟು ಚೆನ್ನಾಗೈತೆ ಕಣ್ಣು ನಿನ್ನ ಎಳುತ್ತು, ಗುಂಡುಗುಂಡಾಗಿ," ಎಂದು ತಮಿಳಿನ ಮುದ್ದು ಬೆರೆಸಿ ನನ್ನ ಅಕ್ಷರವನ್ನು ಮೆಚ್ಚಿಕೊಳ್ಳುತ್ತಾರೆ.

ಹೋದ ವರ್ಷ ನಮಗೆ ನೂಲು ಕೊಡುವ ವ್ಯಾಪಾರಿಯೊಬ್ಬರು ತಮ್ಮ ಹಳೆಯ ಗಿರಾಕಿಗಳನ್ನೆಲ್ಲ ಪತ್ನಿ ಸಮೇತ ಲಕ್ಷದ್ವೀಪಕ್ಕೆ ಕಳಿಸಿಕೊಡುತ್ತೇವೆ ಎಂದರು. ಕೊಚ್ಚಿಯಿಂದ ಹಡಗು, ದ್ವೀಪದಲ್ಲಿ ನಾಲ್ಕು ದಿನ ವಾಸ. ಜೊತೆಗೆ ಇಂಗ್ಲಿಷಿನಲ್ಲಿ ಟೈಪು ಮಾಡಿದ ಒಂದು ಹಾಳೆ: ಏನು ತರಬೇಕು, ಏನು ಉಡಬೇಕು. ಶಾಂತಿ ಓದಿ ಹೇಳುತ್ತಿದ್ದಳು, ನಾವು ಸುತ್ತ ಕೂತಿದ್ದೆವು.

"ಹಗುರವಾದ ಬಟ್ಟೆ. ಹ್ಯಾಟು. ಕಪ್ಪು ಕನ್ನಡಕ. ರಬ್ಬರ್ ಚಪ್ಪಲಿ. ಈಜೋ ಡ್ರೆಸ್ಸು."

"ಅದ್ಯಾತಕ್ಕೆ ಈಜಕ್ಕೊಂದು ಡ್ರೆಸ್ಸು?" ಎಂದರು ಅತ್ತೆ. "ನಾನು ತೋಟದ ಬಾವೀಲಿ ಸೀರೇಲೇ ಈಜಿದೋಳು. ಕಟ್ಟೆ ಮೇಲಿಂದ ದಬಾರಂತ ಬಿದ್ರೆ ತಳದ ಮಣ್ಣು ತಕ್ಕೊಂಡೇ ಮೇಲೆ ಬರ್ತಿದ್ದೆ. ಯಾರೂ ಏನೂ ಓದಿ ಹೇಳಲಿಲ್ಲ."

"ಇದು ಬಾವಿ ಅಲ್ಲ ಪಾಟಿ, ದ್ವೀಪ. ಸುತ್ತಾನೂ ಸಮುದ್ರ," ಎಂದು ಶಾಂತಿ ಅಜ್ಜಿಗೆ ತಿಳಿಹೇಳಿದಳು.

"ಸುತ್ತಾ ತಣ್ಣಿ, ಕುಡಿಯಕ್ಕೆ ತಣ್ಣಿ ಇಲ್ಲ. ಅಲ್ವಾ? ಹಂಗಾದ್ರೆ ಸಿರುವಾಣಿ ನೀರು ಒಂದು ಕ್ಯಾನು ತುಂಬ್ಕೊಳ್ಳಿ."

ತಮ್ಮೂರಿನ ನಲ್ಲಿಗೆ ಬರುವ ಸಿರುವಾಣಿ ಹೊಳೆಯ ನೀರಿನ ಬಗ್ಗೆ ಕೊಯಮತ್ತೂರಿನವರಿಗಿರುವ ಅಭಿಮಾನವನ್ನು ಕುರಿತು ಪ್ರತ್ಯೇಕವಾಗಿಯೇ ಬರೆಯಬೇಕು. ಅತ್ತೆ ಹುಟ್ಟಿದ್ದು ಅಲ್ಲಿ. ಮದುವೆಯಾಗಿ ತಿರುಪ್ಪೂರಿನ ಉಪ್ಪು ನೀರಿಗೆ ಬಂದದ್ದನ್ನು ಅವರು ಇನ್ನೂ ಕ್ಷಮಿಸಿಲ್ಲ. ಅಲ್ಲಿಂದ ಯಾರೇ ಬಂದರೂ ಸಿಹಿ ತಂದರೋ ಇಲ್ಲವೋ ಎಂದು ನೋಡುವುದಿಲ್ಲ, ನೀರು ತಂದರೋ ಎಂದು ನೋಡುತ್ತಾರೆ. ಹೀಗಾಗಿ ನನ್ನ ಪಟ್ಟಿಯ ಮೊದಲನೆಯ ಸಾಲಿನಲ್ಲೇ ಒಂದು ಕ್ಯಾನು ನೀರು ಬಂತು. ಎರಡನೆಯ ಸಾಲಿನಲ್ಲಿ ಹುಳಿಯನ್ನ. ಆಮೇಲೆ ಬೇಳೆ ಪುಡಿ, ಹರಳೆಣ್ಣೆ, ವಿಭೂತಿ, ಕೊಡೆ, ಸಮುದ್ರದ ಗಾಳಿಗೆಂದು ಒಂದು ಉಣ್ಣೆಯ ಸ್ಕಾರ್ಫು. ಉಡುವ ಬಟ್ಟೆಯ ಸಾಲು ಬರುವ ಹೊತ್ತಿಗೆ ಹಾಳೆಯೇ ಮುಗಿದಿತ್ತು.

ಉಡುವ ಬಟ್ಟೆಯ ವಿಷಯದಲ್ಲಿ ನನ್ನದೊಂದು ಬಹಳ ದಿನದ ಆಸೆಯಿತ್ತು. ನಮ್ಮ ಮನೆಯಲ್ಲಿ ಹೆಣಿಗೆಯ ಬಟ್ಟೆಯನ್ನು ಯಾರೂ ಅಂಗಡಿಯಲ್ಲಿ ಕೊಂಡದ್ದೇ ಇಲ್ಲ. ಆರ್ಡರಿನಲ್ಲಿ ತಳ್ಳಿಬಿಟ್ಟ ಮಾಲು ನಮ್ಮ ಕಂಪೆನಿಯಿಂದ ಮನೆಗೆ ಬರುತ್ತದೆ, ಅದೇ ನಮ್ಮ ಉಡುಪು. ಒಂದು ತೋಳು ಗಿಡ್ಡವಾದದ್ದು, ಜೇಬು ಬೆನ್ನಿಗೆ ಬಂದದ್ದು, ಚಿತ್ರ ತಲೆಕೆಳಗಾದದ್ದು. ಮಾರ್ಗಳಿಯ ಚಳಿಯಲ್ಲಿ ಅತ್ತೆ ಬಾಗಿಲಿಗೆ ರಂಗೋಲಿಯ ಕೋಲ ಹಾಕುವಾಗ ಸೀರೆಯ ಮೇಲೆ ತೊಡುವ ಅಂಗಿಯ ಬೆನ್ನಿನ ಮೇಲೆ ಯಾವುದೋ ದೇಶದ ಬಿಯರಿನ ಜಾಹೀರಾತು ಇದೆ; ನೊರೆ ಉಕ್ಕುವ ಲೋಟ ತಲೆಕೆಳಗಾಗಿದೆ. ಬೀದಿಯಲ್ಲಿ ಯಾರೂ ನಗುವುದಿಲ್ಲ, ಎದುರು ಮನೆಯ ಅಜ್ಜಿಯ ಬೆನ್ನ ಮೇಲೂ ಅದೇ ಲೋಟ. ದ್ವೀಪಕ್ಕಾದರೂ ಅಂಗಡಿಯಲ್ಲಿ ಕೊಂಡ, ಎರಡು ತೋಳೂ ಸಮವಾಗಿರುವ ಒಂದು ಉಡುಪು ಇರಲಿ ಎಂದು ಶಾಂತಿಯನ್ನು ಕರೆದುಕೊಂಡು ಕೊಯಮತ್ತೂರಿನ ಅಂಗಡಿಗೆ ಹೋದೆ. ಅಲ್ಲಿ ಹೆಣಿಗೆ ಬಟ್ಟೆಯ ಒಂದು ನೈಟಿ ತೋರಿಸಿದರು. ನಾನು ಅದನ್ನು ತೆಗೆದುಕೊಂಡೆ, ಒಳಗೆ ಹೊರಗೆ ಮಾಡಿದೆ, ಪಕ್ಕದ ಹೊಲಿಗೆಯನ್ನು ಎರಡು ಹೆಬ್ಬೆರಳಿನಿಂದ ಜಗ್ಗಿದೆ, ಕುತ್ತಿಗೆಯ ಪಟ್ಟಿಯನ್ನು ಎಳೆದುಬಿಟ್ಟು ಹಿಂದಕ್ಕೆ ಹೋಗುತ್ತದೋ ಎಂದು ಕಾದೆ. ಅಂಗಡಿಯವನು ಕೈಕಟ್ಟಿ ನಿಂತು, "ತಿರುಪ್ಪೂರುಂಗಳಾಮ್ಮಾ?" ಎಂದ. ಹೌದೆಂದೆ. ಅವನು ನೈಟಿಯನ್ನು ಮಡಚಿ ಒಳಗಿಟ್ಟು, "ನಿಮ್ಮೂರಿನವರಿಗೆ ನಾವು ತೋರಿಸೋದೇ ಇಲ್ಲ," ಎಂದು ತಮಿಳಿನಲ್ಲಿ ಹೇಳಿ, ನನಗೆ ಪಾಲಿಯೆಸ್ಟರ್ ಸೀರೆಗಳ ಕಡೆ ದಾರಿ ತೋರಿಸಿದ. ಶಾಂತಿ ಬಸ್ಸಿನಲ್ಲಿ ನನ್ನ ಪಕ್ಕ ಕೂರಲಿಲ್ಲ.

ಮನೆಗೆ ಬಂದ ಮೇಲೆ ನನಗೆ ನನ್ನ ಮೇಲೆಯೇ ಸಿಟ್ಟು ಬಂತು. ಸಿಟ್ಟನ್ನು ಯಜಮಾನರ ಮೇಲೆ ತೀರಿಸಿಕೊಂಡೆ. "ನೋಡಿ, ಆ ನಾಲ್ಕು ದಿನ ಬನಿಯನ್ ನನ್ನ ಕಣ್ಣಿಗೆ ಬೀಳಬಾರದು, ಕಿವಿಗೆ ಬೀಳಬಾರದು," ಎಂದೆ.

"ನಾನು ಇರ್ತೀನಿ," ಎಂದರು ಅವರು. "ನಿನ್ನ ಕೈಲಿ ಆಗಲ್ಲ ಮಾದೇವಿ, ಕಂಡಿಪ್ಪಾ ಆಗಲ್ಲ."

"ನನಗೇನು ಕಷ್ಟ? ನೀವು ನಿದ್ದೇಲೂ ನೂಲಿನ ನಂಬರು ಹೇಳೋರು."

"ಹಂಗಾದ್ರೆ ಪಂದ್ಯ ಕಟ್ಟು."

ಪಂದ್ಯ ಕಟ್ಟಿದೆವು, ಅತ್ತೆಯೇ ಸಾಕ್ಷಿ. ಕೊಚ್ಚಿಯಲ್ಲಿ ಹಡಗು ಹತ್ತಿದಾಗಿನಿಂದ ತಿರುಗಿ ಕೊಚ್ಚಿಯಲ್ಲಿ ಇಳಿಯುವವರೆಗೆ ಬನಿಯನ್ ಹಾಕಬಾರದು, ಬನಿಯನ್ ಮಾತು ಆಡಬಾರದು, ಬನಿಯನ್ ಕೆಲಸ ಮಾಡಬಾರದು, ಕಂಪೆನಿಯ ಯಾವ ವಸ್ತುವನ್ನೂ ತರಬಾರದು. ಅವರು ತಪ್ಪಿದರೆ ನಾನು ಹನೂರಿಗೆ ಹೋಗಿ ಅಕ್ಕನ ಮನೆಯಲ್ಲಿ ಪೂರಾ ಒಂದು ವಾರ ಇರುವುದು. ನಾನು ತಪ್ಪಿದರೆ ಆ ವಾರ ಹೊಸ ಆರ್ಡರಿನ ಚೆಕಿಂಗಿಗೆ ಗೊಣಗದೆ ಕೂರುವುದು. "ಇಬ್ರೂ ತಪ್ಪದಿದ್ರೆ?" ಎಂದು ಅತ್ತೆ ಕೇಳಿದರು. "ಆಗಲೂ ಅವಳೇ ಹೋಗಲಿ," ಎಂದರು ಇವರು, ದೊಡ್ಡ ಮನಸ್ಸು ಮಾಡಿ. ನನ್ನ ಕೈಲಿ ಆಗುವುದಿಲ್ಲ ಎಂಬುದರಲ್ಲಿ ಅವರಿಗೆ ಅಷ್ಟು ನಂಬಿಕೆ.

ಈ ಒಂದು ವಾರ ನನಗೆ ಸಣ್ಣ ವಿಷಯವಾಗಿರಲಿಲ್ಲ. ಕಂಪೆನಿಯಲ್ಲಿ ಹೊಲಿದ ಮಾಲನ್ನು ನೋಡಿ, ನೇತಾಡುವ ದಾರ ಕತ್ತರಿಸಿ, ತಪ್ಪಿದ್ದಕ್ಕೆ ಕೆಂಪು ಚೀಟಿ ಅಂಟಿಸುವ ಚೆಕಿಂಗ್ ಮೇಜು ನನ್ನದು. ಅಕ್ಕನ ಮನೆಗೆ ಹೋದರೆ ಎರಡನೆಯ ದಿನವೇ ಪಕ್ಕದ ಮನೆಗೆ ಫೋನು ಬರುತ್ತದೆ: ಆರ್ಡರ್ ಹೊರಡಬೇಕು, ಬಾ. ಅಕ್ಕ ರಾಗಿ ಹಿಟ್ಟು ಕಲಸಿಟ್ಟಿದ್ದರೂ ನಾನು ಚಪ್ಪಲಿ ಮೆಟ್ಟುತ್ತೇನೆ. ಕಳೆದ ಸಲ ಅವಳು ಬಸ್ ನಿಲ್ದಾಣದವರೆಗೆ ಬಂದು, "ನೀನು ಬಂದು ಹೋದದ್ದು ಬಂದಂಗೂ ಇಲ್ಲ, ಹೋದಂಗೂ ಇಲ್ಲ ಕಣೆ," ಎಂದಿದ್ದಳು. ಅವಳಿಗೆ ಆ ರಾತ್ರಿಯೇ ಕಾಗದ ಬರೆದೆ: ಈ ಸಲ ಏಳು ದಿನ, ಖಂಡಿತ. ಅವಳ ಉತ್ತರವೂ ಬಂತು. ಅಟ್ಟದ ಮೇಲಿನ ಹಾಸಿಗೆ ಇಳಿಸಿ ಬಿಸಿಲಿಗೆ ಹಾಕಿದ್ದಾಳಂತೆ.

ಆದ್ದರಿಂದ ಯಜಮಾನರ ಪೆಟ್ಟಿಗೆಯನ್ನು ನಾನು ಮೂರು ಸಲ ಶೋಧಿಸಿದೆ. ಅವರಿಗೆ ಯಾವುದರ ಭಯ ಎಂದು ಆಗ ಗೊತ್ತಾಯಿತು. ಮೊದಲನೆಯ ಸಲ ಕಾಲುಚೀಲದೊಳಗೆ ಸುತ್ತಿಟ್ಟ ಅಳತೆ ಟೇಪು ಸಿಕ್ಕಿತು. ಎರಡನೆಯ ಸಲ ಶೇವಿಂಗ್ ಡಬ್ಬಿಯಲ್ಲಿ ಎಳೆ ಎಣಿಸುವ ಭೂತಗನ್ನಡಿ. ಮೂರನೆಯ ಸಲ ವಿಭೂತಿ ಪೊಟ್ಟಣದ ಕೆಳಗೆ ಬಣ್ಣದ ಬಟ್ಟೆಯ ಚೂರುಗಳು, ದಾರದಲ್ಲಿ ಪೋಣಿಸಿದ್ದು. "ಸುಮ್ಮಾ ಇರಲಿ ಅಂತ," ಎಂದರು. ಪ್ರತಿಯೊಂದನ್ನೂ ಅತ್ತೆಯ ಮುಂದೆ ತಂದು ಸುರಿದೆ. ಅತ್ತೆ, "ಪೊಲೀಸ್ ಮನೆಗೆ ಸೊಸೆಯಾಗಿ ಹೋಗ್ಬೇಕಿತ್ತು ಕಣ್ಣು ನೀನು," ಎಂದರು. ಕೊನೆಗೆ ಹೊರಡುವಾಗ, "ಬೀಗದ ಕೈ ನನ್ನ ಕೈಲಿ ಕೊಟ್ಟು ಹೋಗು," ಎಂದೂ ಕೇಳಿದರು. ಹತ್ತೊಂಬತ್ತು ವರ್ಷದಿಂದ ಸೊಂಟದಲ್ಲಿರುವ ಗೊಂಚಲು, ಯಾರಿಗೂ ಕೊಟ್ಟವಳಲ್ಲ. ಬೀರುವಿನ ಕೈ ಮಾತ್ರ ಬಿಚ್ಚಿಕೊಟ್ಟು, ಉಳಿದದ್ದನ್ನು ಎಂದಿನಂತೆ ಸಿಕ್ಕಿಸಿಕೊಂಡೆ.

ಈಗ ನಾವು ಉಟ್ಟದ್ದೇನು ಎಂದು ಕೇಳಿ. ಪಂದ್ಯದ ಪ್ರಕಾರ ಬನಿಯನ್ ಬಟ್ಟೆ ಕೂಡದು. ಆದ್ದರಿಂದ ಇವರು ಅಂಗಡಿಯಲ್ಲಿ ಎರಡು ಟೆರಿಲಿನ್ ಶರ್ಟು ಕೊಂಡರು, ಒಳಗೆ ಏನೂ ಇಲ್ಲದೆ ಹಾಕಿಕೊಂಡರು. ನಾನು ಕೊಯಮತ್ತೂರಿನ ಆ ಅಂಗಡಿಯಲ್ಲೇ ಕೊಂಡಿದ್ದ ಪಾಲಿಯೆಸ್ಟರ್ ಸೀರೆ ಉಟ್ಟೆ. ಭೂಮಿಯ ಮೇಲಿನ ಹತ್ತಿಯ ಅಂಗಿಗಳನ್ನೆಲ್ಲ ತಮ್ಮೂರೇ ಹೊಲಿಯುತ್ತದೆ ಎಂದು ಬೀಗುವವರು, ಬೆವರು ಸುರಿಯುವ ದ್ವೀಪಕ್ಕೆ ಒಂದು ಎಳೆ ಹತ್ತಿಯಿಲ್ಲದೆ ಹೋದೆವು. ಹಡಗಿನಿಂದ ದೋಣಿಗೆ, ದೋಣಿಯಿಂದ ಮರಳಿಗೆ ಇಳಿಯುವಷ್ಟರಲ್ಲಿ ಇವರ ಬೆನ್ನಿನ ಮೇಲೆ ಶರ್ಟು ಹಪ್ಪಳದಂತೆ ಅಂಟಿತ್ತು. ಮರುದಿನಕ್ಕೆ ಕುತ್ತಿಗೆಯಿಂದ ಸೊಂಟದವರೆಗೆ ಬೆವರುಸಾಲೆ. ನಾನು ಮೊಣಕಾಲುದ್ದದ ನೀರಿಗೆ ಇಳಿದೆ. ಒಂದು ಅಲೆ ಬಂದು ಸೊಂಟದವರೆಗೆ ನೆನೆಸಿತು. ಸೀರೆ ಕಾಲಿಗೆ ಸುತ್ತಿಕೊಂಡು ನಾನು ಗೋಣಿಯಲ್ಲಿ ಓಡುವ ಸ್ಪರ್ಧೆಯವಳ ಹಾಗೆ ನೆಗೆಯುತ್ತ ದಡಕ್ಕೆ ಬಂದೆ. ಹುಳಿಯನ್ನ ಹಡಗಿನಲ್ಲೇ ಮುಗಿದಿತ್ತು. ಸಿರುವಾಣಿ ನೀರಿನಲ್ಲಿ ಇವರ ಬೆನ್ನು ತೊಳೆದೆ. ಇದನ್ನು ಅತ್ತೆಗೆ ಇನ್ನೂ ಹೇಳಿಲ್ಲ.

ಸುತ್ತಲಿದ್ದ ಬೇರೆ ಪ್ರವಾಸಿಗಳೆಲ್ಲ ಏನು ಹಾಕಿದ್ದರು? ಬನಿಯನ್! ಹಳದಿ ಬನಿಯನ್, ಪಟ್ಟೆ ಬನಿಯನ್, ತೋಳಿಲ್ಲದ ಬನಿಯನ್. ಬೊಂಬಾಯಿಯಿಂದ ಬಂದಿದ್ದ ಒಬ್ಬ ಹೆಂಗಸು, ನನ್ನ ವಯಸ್ಸಿನವರೇ, ದಿನವೂ ಒಂದು ನೀಲಿ ಟೀ ಶರ್ಟು ಹಾಕಿಕೊಂಡು ನಾವಿಳಿದಿದ್ದ ಗುಡಿಸಲಿನ ಮುಂದೆಯೇ ಓಡಾಡುತ್ತಿದ್ದರು. ಇವರು ಅವರನ್ನು ನೋಡುತ್ತಿದ್ದರು, ಬಾಯಿ ತೆರೆಯುತ್ತಿದ್ದರು, ನನ್ನನ್ನು ನೋಡಿ ಬಾಯಿ ಮುಚ್ಚುತ್ತಿದ್ದರು. ನಮ್ಮ ಗುಂಪಿನ ಗಂಡಸರೆಲ್ಲ ತಿರುಪ್ಪೂರಿನವರು. ತೆಂಗಿನ ಮರದ ಕೆಳಗೆ ಕೂತು ಬೆಳಗಿನಿಂದ ನೂಲಿನ ದರದ ಮಾತೇ. ಇವರು ಅಲ್ಲಿಗೆ ಹೋಗುವಂತಿಲ್ಲ, ಹೋದರೆ ನಾಲಗೆ ಜಾರುತ್ತದೆ. ಹೀಗೆ ಆ ಸುಂದರವಾದ ದ್ವೀಪದಲ್ಲಿ ನಾವಿಬ್ಬರೂ ಒಬ್ಬರಿಗೊಬ್ಬರೇ ಗತಿಯಾದೆವು.

"ನೀರು ಎಷ್ಟು ನೀಲಿ," ಎಂದೆ ನಾನು.

"ಹೂಂ, ನೀಲಿ," ಎಂದರು. ಆ ನೀಲಿಗೆ ಬಣ್ಣದ ಕಾರ್ಖಾನೆಯಲ್ಲಿ ಏನೆನ್ನುತ್ತಾರೆ ಎಂಬುದು ಅವರ ಗಂಟಲಿನವರೆಗೆ ಬಂದು, ಎಂಜಲು ನುಂಗಿದಂತೆ ಕೆಳಗಿಳಿದದ್ದು ನನಗೆ ಕಾಣಿಸಿತು.

ಚಪ್ಪಲಿಯೊಳಗಿನ ಮರಳು ಕೊಡವಿ, "ಶಾಂತಿ ಊಟ ಮಾಡಿರ್ತಾಳೆ," ಎಂದರು.

"ಮಾಡಿರ್ತಾಳೆ."

"ಅಮ್ಮನೂ ಮಾಡಿರ್ತಾಳೆ."

"ಹೂಂ."

ಎಲ್ಲರ ಊಟವೂ ಆಯಿತು. ಆಮೇಲೆ ತೆಂಗಿನ ಮರಗಳನ್ನು ನೋಡಿದೆವು. ಎರಡನೆಯ ದಿನ ಅವರು ಮರಗಳನ್ನು ಎಣಿಸಲು ಶುರು ಮಾಡಿದರು. ಮೂರನೆಯ ದಿನ ನಾವು ಮಾತು ಹುಡುಕುವುದನ್ನೂ ಬಿಟ್ಟೆವು. ಮದುವೆಯಾದಾಗಿನಿಂದ ದಿನವೂ ಇಷ್ಟೊಂದು ಮಾತಾಡಿದ್ದೇವಲ್ಲ, ಜಗಳವಾಡಿದ್ದೇವಲ್ಲ, ನಕ್ಕಿದ್ದೇವಲ್ಲ, ಯಾವುದರ ಬಗ್ಗೆ ಎಂದು ಯೋಚಿಸಿದೆ. ತೋಳು ಗಿಡ್ಡವಾದದ್ದರ ಬಗ್ಗೆ. ಜೇಬು ಬೆನ್ನಿಗೆ ಬಂದದ್ದರ ಬಗ್ಗೆ. ಬನಿಯನ್ ತೆಗೆದಿಟ್ಟರೆ ನಾವು ಬಸ್ಸಿನಲ್ಲಿ ಅಕ್ಕಪಕ್ಕದ ಸೀಟು ಸಿಕ್ಕ ಇಬ್ಬರು ಮರ್ಯಾದಸ್ಥರು.

ನಾಲ್ಕನೆಯ ದಿನ ಬೆಳಿಗ್ಗೆ ಎಲ್ಲರೂ ದೋಣಿಗೆ ಕಾಯುತ್ತ ಕಟ್ಟೆಯ ಮೇಲೆ ನಿಂತಿದ್ದೆವು. ಬೊಂಬಾಯಿಯ ಆಕೆ ನನ್ನ ಮುಂದೆಯೇ. ಅದೇ ನೀಲಿ ಟೀ ಶರ್ಟು, ಕುತ್ತಿಗೆಯ ಪಟ್ಟಿಯ ಕೆಳಗೆ ಒಂದು ಗೇಣುದ್ದದ ಬಿಳಿ ದಾರ ಗಾಳಿಗೆ ಕುಣಿಯುತ್ತಿತ್ತು. ನನ್ನ ಕೈ ಸೊಂಟಕ್ಕೆ ಹೋಯಿತು, ಕಿಚ್ ಎಂದಿತು, ದಾರ ಕೆಳಗೆ ಬಿತ್ತು. ಆಕೆ ಗಾಬರಿಯಿಂದ ತಿರುಗಿದರೆ, ತಮ್ಮ ಕುತ್ತಿಗೆಯ ಹಿಂದೆ ಹೊಳೆಯುವ ಆಯುಧ ಹಿಡಿದು ನಿಂತಿರುವ ಒಬ್ಬ ಗೃಹಿಣಿ. ದಾರವನ್ನು ಎತ್ತಿ ತೋರಿಸಿದೆ. ಆಕೆ ನಕ್ಕು, "ಥ್ಯಾಂಕ್ಯೂ," ಎಂದರು, ಆದರೆ ಎರಡು ಹೆಜ್ಜೆ ದೂರ ಹೋಗಿ ನಿಂತರು.

ಆಯುಧ ಎಂದರೆ ನನ್ನ ಟ್ರಿಮ್ಮರು: ಬೆರಳುದ್ದದ, ಚಿಮಟದಂತಿರುವ ದಾರ ಕತ್ತರಿ, ಚೆಕಿಂಗ್ ಮೇಜಿನದು. ಬೀಗದ ಕೈ ಗೊಂಚಲಿನಲ್ಲೇ ಅದರ ವಾಸ, ವರ್ಷಗಳಿಂದ. ಯಜಮಾನರ ಕಾಲುಚೀಲವನ್ನು ಒಳಗೆ ಹೊರಗೆ ಮಾಡಿದವಳು ನನ್ನ ಸೊಂಟವನ್ನು ನೋಡಿಕೊಂಡಿರಲಿಲ್ಲ. ಸಮುದ್ರದ ನೀರಿಗೆ ಅದು ತುಕ್ಕು ಹಿಡಿದು, ಆ ಅಂಗಡಿಯ ಸೀರೆಯ ಮೇಲೆ ಒಂದು ಕಂದು ಕಲೆಯನ್ನೂ ಮಾಡಿತ್ತು.

ಇವರು ಹತ್ತಿರ ಬಂದರು. "ಹಡಗು ಹತ್ತೋವಾಗಲೇ ನೋಡಿದ್ದೆ," ಎಂದರು.

"ಮತ್ತೆ ಯಾಕೆ ಹೇಳಲಿಲ್ಲ?"

"ಹೆಂಗೆ ಹೇಳೋದು? ಟ್ರಿಮ್ಮರ್ ಅಂದ್ರೆ ಕಂಪೆನಿ ಮಾತು. ನಾನು ಸೋತಂಗಲ್ವಾ?" ಎಂದವರು ಬೆನ್ನು ಕೆರೆದುಕೊಳ್ಳುತ್ತ, ನಾಲ್ಕು ದಿನ ಕಟ್ಟಿಟ್ಟ ಉಸಿರನ್ನು ಒಮ್ಮೆಲೇ ಬಿಟ್ಟರು. "ಆ ನೀಲಿ ನೋಡಿದೆಯಾ? ಕುತ್ತಿಗೆ ಪಟ್ಟಿ ನಮ್ಮೂರಿನದು. ಜೋಡಿಸಿರೋದು ನೋಡಿದ್ರೆ ರೈಲು ಗೇಟಿನ ಆಚೆಯ ಯಾವುದೋ ಯೂನಿಟ್ಟು."

"ಎರಡನೇ ದಿನವೇ ನೋಡಿದೆ," ಎಂದೆ. "ಭುಜದಲ್ಲಿ ಟೇಪ್ ಹಾಕಿಲ್ಲ."

"ಹಾಕಿಲ್ಲ! ಅದಕ್ಕೇ ಜೋತುಬಿದ್ದೈತೆ!"

ಕೊಚ್ಚಿ ಬಂದದ್ದು ನಮಗೆ ಗೊತ್ತಾಗಲಿಲ್ಲ. ಪಾಲಕ್ಕಾಡು ಬಂದದ್ದೂ ಗೊತ್ತಾಗಲಿಲ್ಲ. ದ್ವೀಪದಲ್ಲಿದ್ದ ಒಂದೊಂದು ಅಂಗಿಯನ್ನೂ ಇಬ್ಬರೂ ಸೇರಿ ಮಾತಿನಲ್ಲೇ ಹೊಲಿಗೆ ಬಿಚ್ಚಿ ನೋಡುತ್ತ ಬಂದೆವು. ರೈಲಿನಲ್ಲಿ ಎದುರು ಕೂತಿದ್ದವರು ನಮ್ಮನ್ನು ಹೊಸದಾಗಿ ಮದುವೆಯಾದವರು ಎಂದುಕೊಂಡಿರಬೇಕು, ವಯಸ್ಸು ನೋಡದಿದ್ದರೆ.

ಸೋತ ವಾರ ನಾನು ಚೆಕಿಂಗ್ ಮೇಜಿಗೆ ಕೂತೆ, ಗೊಣಗಲಿಲ್ಲ. ಕೈ ತಾನಾಗಿಯೇ ಹೋಯಿತು, ಅಭ್ಯಾಸದ ದೋಷ ಎಂದು ಎಲ್ಲರಿಗೂ ಹೇಳಿದೆ. ಎಲ್ಲರೂ ನಂಬಿದರು. ಹನೂರಿಗೂ ಹಾಗೆಯೇ ಕಾಗದ ಬರೆದೆ. ಅಕ್ಕ ಬಿಸಿಲಿಗೆ ಹಾಕಿದ್ದ ಹಾಸಿಗೆಯನ್ನು ಅಟ್ಟಕ್ಕೆ ಏರಿಸಿದಳಂತೆ. ಆದರೆ ಆ ದಾರವನ್ನು ನಾನು ಎರಡನೆಯ ದಿನವೇ ಕಂಡಿದ್ದೆ. ಎರಡು ದಿನ ಅದು ನನ್ನ ಮೂಗಿನ ಮುಂದೆ ಕುಣಿದರೂ ಕೈ ತಾನಾಗಿ ಎಲ್ಲಿಗೂ ಹೋಗಲಿಲ್ಲ. ನಾಲ್ಕನೆಯ ಬೆಳಿಗ್ಗೆ, ಬೆವರುಸಾಲೆಯ ಬೆನ್ನು ತೋರಿಸಿಕೊಂಡು ಇನ್ನೂರು ಚಿಲ್ಲರೆಯ ತೆಂಗಿನ ಮರವನ್ನು ಮೊದಲಿನಿಂದ ಎಣಿಸುತ್ತ ನಿಂತಿದ್ದ ಆ ಮನುಷ್ಯನನ್ನು ನೋಡಿದ ಮೇಲೆಯೇ ಕೈ ಹೋದದ್ದು. ಇದನ್ನು ಇಷ್ಟು ಧೈರ್ಯವಾಗಿ ಬರೆಯಲು ಕಾರಣ, ನಮ್ಮ ಮನೆಯಲ್ಲಿ ಯಾರಿಗೂ ಕನ್ನಡ ಓದಲು ಬರುವುದಿಲ್ಲ. ಈಗಲೂ ಹಾಳೆಗಳು ಊಟದ ಮೇಜಿನ ಮೇಲೆಯೇ ಆರುತ್ತಿವೆ, ಅತ್ತೆಯ ಕಾಫಿ ಲೋಟ ಅವುಗಳ ಮೇಲಿದೆ. ಇದು ಎಲ್ಲಾದರೂ ಅಚ್ಚಾದರೆ ನಮ್ಮ ಕಡೆಯವರಲ್ಲಿ ಓದುವವಳು ಒಬ್ಬಳೇ, ಹನೂರಿನ ನನ್ನ ಅಕ್ಕ. ಅದೊಂದನ್ನು ಮಾತ್ರ ನಾನು ಬರೆಯಲು ಕೂರುವ ಮೊದಲು ಯೋಚಿಸಲಿಲ್ಲ.